ಆರನೆಯ ಸಂಖ್ಯೆಯ ಹಣ್ಣು

ಬಟೂಮಿಯ ಬಜಾರು, ಕರೆಂಟಿಲ್ಲದ ಮೂರನೆಯ ಚಳಿಗಾಲ.
ನಮ್ಮದು ಮೀನಿನ ಕಟ್ಟೆ. ಪಕ್ಕದ್ದು ಲಮಾರಾ ಟೀಚರದು.
ಶಾಲೆ ಸಂಬಳ ನಿಲ್ಲಿಸಿ ಹದಿನಾಲ್ಕು ತಿಂಗಳು;
ಈಗ ಕಿತ್ತಳೆ ಮಾರುತ್ತಾರೆ,
ಮಾರುವುದಕ್ಕಿಂತ ಹೆಚ್ಚು ಜೋಡಿಸುತ್ತಾರೆ.

ತಳಕ್ಕೆ ಹದಿನೈದು, ಅದರ ಮೇಲೆ ಹತ್ತು, ಆರು, ಮೂರು,
ನೆತ್ತಿಗೆ ಒಂದು.
"ಕೆಳಗಿನಿಂದ ಕಟ್ಟಬೇಕು ನಾತೇಲಾ,
ಎಣಿಸುವುದು ಮಾತ್ರ ಮೇಲಿನಿಂದ. ಸೀಸದಕಡ್ಡಿ ಕೊಡು."

ಒಂದೊಂದೇ ಹಣ್ಣು ಇಳಿಸುತ್ತಾ ಸಿಪ್ಪೆಯ ಮೇಲೆ ಬರೆದರು.
ನೆತ್ತಿಯದಕ್ಕೆ ಒಂದು.
ಉಳಿದವು ಪ್ರತಿಯೊಂದೂ
ತನ್ನ ಹೆಗಲ ಮೇಲೆ ಕೂತವರ ಮೊತ್ತ.
ಒಂದರಡಿ ಮೂರು ಒಂದು. ಅವುಗಳಡಿ
ಮೂಲೆಗೆ ಒಂದು, ಅಂಚಿನ ನಡುವೆ ಎರಡು.
ಪದರ ಪದರ ಕೂಡಿಸಿದೆ: ಮೂರು, ಒಂಬತ್ತು, ಇಪ್ಪತ್ತೇಳು...
ಬೆರಳು ಸಾಲಲಿಲ್ಲ,
ಇದ್ದ ಬೆರಳಿಗೂ ಮೀನಿನ ಹುರುಪೆ.

"ಹೊರಗೆ ನಿಂತವರಿಗೆ ಕಾಣುವುದು ಹಳೆಯ ತ್ರಿಕೋನ.
ಒಂದು, ಮೂರು, ಮೂರು, ಒಂದು.
ಯಾವ ಮಗ್ಗುಲಿಗೆ ಬಂದರೂ ಅದೇ ಅಂಗಿ.
ಇಲ್ಲಿ ನೋಡು, ಹತ್ತು ಹಣ್ಣಿನ ಪದರದ ಹೊಟ್ಟೆಯಲ್ಲಿ
ಎರಡು, ಎರಡು, ಎರಡರ ಭಾರ ಹೊತ್ತು
ಒಂದೇ ಒಂದು ಆರು.
ಕಟ್ಟಿದಾಗಿನಿಂದ ಬೆಳಕು ಕಂಡಿಲ್ಲ."

ಆರೇ ಯಾಕೆ?

ಸೀಮೆಎಣ್ಣೆಯ ಸಾಲಿನತ್ತ ಗದ್ದ ಎತ್ತಿ ತೋರಿಸಿದರು.
"ಝೂರಾಬ್, ಸಿಯಾಲಾ, ದರ್ಜಿ ಆಶೋತ್.
ಮೂವರೂ ಮೂವರೇ ಆದರೆ ಆರು ಥರ ನಿಲ್ಲಬಹುದು.
ಇಬ್ಬರು ಅವಳಿಜವಳಿಯಾದರೆ ಮೂರು.
ಎಲ್ಲರೂ ಒಂದೇ ಕರಿಕೋಟು ಅನ್ನುವವನಿಗೆ,
ಅಗೋ ಆ ಕಿಟಕಿಯೊಳಗೆ ಕೂತಿದ್ದಾನಲ್ಲ, ಅವನಿಗೆ
ಒಂದೇ ಥರ.
ಅದು ಮೂಲೆಯ ಒಂದು.
ಸಾವಿರ ಪದರ ಇಳಿ, ಮೂಲೆ ಏನೂ ಕಲಿಯುವುದಿಲ್ಲ."

ಅಮ್ಮ ತಕ್ಕಡಿ ತೊಳೆಯುತ್ತಾ ನಕ್ಕಳು.
ಟೀಚರು ನಗಲಿಲ್ಲ. ಅವರಿಗೆ ಹುರುಪು ಬಂದಿತ್ತು.

"ಇನ್ನೊಂದು ದಿಕ್ಕಿದೆ ಅಂದುಕೋ, ನಾಲ್ಕನೆಯದು.
ಆಗ ಈ ಇಡೀ ಗೋಪುರವೇ ಬರಿ ಒಂದು ಹೊರಗೋಡೆ.
ಒಳಗೆಲ್ಲೋ
ನಾಲ್ಕು ಆರುಗಳು ಒತ್ತಿ ಕೂತ ಇಪ್ಪತ್ನಾಲ್ಕು.
ಸಾಲಿಗೆ ನಾಲ್ಕನೆಯವನು ಬಂದ ಹಾಗೆ.
ಈಗ ನಿನ್ನಣ್ಣ ಗೋಚಾ ಬಂದು ನಿಂತ ಅನ್ನು..."

ತಕ್ಕಡಿಯ ನೀರು ತೊಟ್ಟಿಕ್ಕುವುದು ಕೇಳಿಸಿತು.
ಸುಖುಮಿಯ ಕಡೆಗೆ ಹೊರಟ ಲಾರಿಯಲ್ಲಿ
ಅವನು ಕೈ ಬೀಸಿದ್ದು ಸೆಪ್ಟೆಂಬರಿನಲ್ಲಿ.

ಟೀಚರ ಕೈಯಲ್ಲೊಂದು ಬರೆಯದ ಹಣ್ಣು.
ಅದನ್ನು ಎಡಕ್ಕೆ ಹಿಡಿದರು, ಬಲಕ್ಕೆ,
ಮೇಲೆ, ತಮ್ಮ ಎದೆಯ ಹತ್ತಿರ.
ಎಲ್ಲಿ ಹಿಡಿದರೂ ಅದು
ಈ ಮೂರರೊಳಗಿನದೇ ಯಾವುದೋ ಜಾಗ.

ಥಟ್ಟನೆ ಕರೆಂಟು ಬಂತು.
ಬಜಾರಿಗೆ ಬಜಾರೇ ಹೋ ಎಂದು ಕೂಗಿತು.
ರೇಡಿಯೋ ಕೆಮ್ಮಿತು, ಯಾರೋ ಯಾರನ್ನೋ ತಬ್ಬಿಕೊಂಡರು,
ಕಿಟಕಿಯವನು ಕಿಟಕಿ ಮುಚ್ಚಿದ.
ಟೀಚರು ನಾಚಿಕೊಂಡವರ ಹಾಗೆ ಹಣ್ಣು ಕೆಳಗಿಟ್ಟು
"ಎರಡು ಕಿಲೋನಾ? ಕೊಡುತ್ತೇನೆ" ಅಂದರು ಗಿರಾಕಿಗೆ.
ಚೀಲದೊಳಗೆ ಹೋದವು ಒಂದು, ಮೂರು, ನಾಲ್ಕು, ಹನ್ನೆರಡು,
ಲೆಕ್ಕವಿಲ್ಲದೆ, ತೂಕದ ಮೇಲೆ.

ಆರನ್ನು ನಾನು ಕದ್ದೆ.
ಮನೆಗೆ ಹೋಗುವ ದಾರಿಯಲ್ಲಿ ಸುಲಿದು ತಿಂದೆ.
ಹತ್ತು ತೊಳೆ. ಒಂದರಲ್ಲಿ ಮಾತ್ರ ಬೀಜ.
ಹುಳಿಯಿತ್ತು, ಸ್ವಲ್ಪ ಮೀನಿನ ವಾಸನೆಯೂ.