ಅಂತೆ

ಹುಟ್ಟಿದ್ದು ಜುಲೈಯಲ್ಲಿ, ಇರುಳೇ ಇಲ್ಲದ ವಾರ.
ಹುಟ್ಟಬೇಕಿದ್ದದ್ದು ಅಕ್ಟೋಬರಿನಲ್ಲಿ.
ಹಾಗಾಗಿ ಅವನಿಗೆ ಎರಡು ವಯಸ್ಸು,
ಒಂದು ಕಾಗದಕ್ಕೆ, ಒಂದು ಮೈಗೆ.
ತೂಕ ಒಂಬೈನೂರ ಎಂಬತ್ತು ಗ್ರಾಂ.
ಒಣಗಿಸಿದ ಕಾಡ್ ಮೀನೂ ಇದಕ್ಕಿಂತ ಜಾಸ್ತಿ ತೂಗುತ್ತದೆ
ಎಂದು ನಗಿಸಲು ಹೋದ ಅಪ್ಪ ಯೋವ್ನ
ನಗಲಾರದೆ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಿದ.

ಹೆಸರು ಆಂತೆ.
ಸಾಮಿ ಜನರ ಹೆಸರು, ಮುತ್ತಜ್ಜನದು.
ನಾನು ಬರೆಯುವ ನುಡಿಯಲ್ಲಿ, ಕೂಸೇ,
ದೀರ್ಘವೊಂದನ್ನು ತೆಗೆದರೆ
ನಿನ್ನ ಹೆಸರು ಬರೀ ಒಂದು ಬಾಲ:
ಕಣ್ಣಾರೆ ಕಾಣದ್ದನ್ನು ಹೇಳುವಾಗ
ಮಾತಿನ ಕೊನೆಗೆ ಅಂಟಿಸುವುದು.

ತ್ರೊಮ್ಸೊ ಆಸ್ಪತ್ರೆಯಲ್ಲಿ ಆ ಬಾಲಕ್ಕೆ ಬಿಡುವಿರಲಿಲ್ಲ.
ಮೆದುಳಿನ ಬಲಗಡೆ ಏನೋ ಮಸುಕಂತೆ.
ಎಡಗೈ ಹಿಂದೆ ಬೀಳಬಹುದಂತೆ, ಕಾಲೂ.
ಈಗಲೇ ಏನೂ ಹೇಳಲಾಗದಂತೆ.
ಆದರೆ ಕಾಯಲೂಬಾರದಂತೆ.

ಕಾಯಬಾರದೆಂದ ತೂರುನ್ನಳೇ
ರಿಸ್ತೆನ್‌ಗೆ ಕಾಯುವುದನ್ನು ಕಲಿಸಿದ್ದು.
ನಲ್ಲಿಯ ಬಿಸಿನೀರಲ್ಲಿ ಕೈ ಕಾಯಿಸಿ, ಆಮೇಲಷ್ಟೇ ಮುಟ್ಟುವಳು.
ವಾಲಿದ ತಲೆಯನ್ನು ನಡುವಿಗೆ ತಂದು,
ಎರಡೇ ಬೆರಳಲ್ಲಿ ಸೊಂಟ ಹಿಡಿದು,
ಭಾರವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿಸಿ
ಸುಮ್ಮನಾಗುವಳು.
"ನೀನು ಎತ್ತಬೇಡ, ಅವನೇ ಎತ್ತಲಿ.
ನೀನು ನೆಲ. ನೆಲಕ್ಕೆ ಎಂದಾದರೂ ಆತುರ ಉಂಟೇ?"
ಆಕಳಿಸಿದರೆ ಅಲ್ಲಿಗೆ ಸಾಕು. ಬಿಕ್ಕಳಿಸಿದರೂ ಸಾಕು.
ಬೆರಳು ಚಿಕ್ಕೆಯಂತೆ ಕೆದರಿಕೊಂಡರೆ ಎದೆಗೆ ಎತ್ತಿಕೋ.
ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ.

ಮನೆಗೆ ಬರುವಷ್ಟರಲ್ಲಿ ಸೂರ್ಯ ಹೋಗಿಯಾಗಿತ್ತು.
ಹನ್ನೊಂದಕ್ಕೆ ಕಿಟಕಿಯಲ್ಲಿ ಒಂದಿಷ್ಟು ನೀಲಿ, ಒಂದಕ್ಕೆ ಅದೂ ಇಲ್ಲ.
ಹಿಮಸಾರಂಗದ ತೊಗಲಿನ ಮೇಲೆ ಬಟ್ಟೆ ಹಾಸಿ
ಎದೆಯಡಿ ಟವೆಲ್ ಸುರುಳಿಯಿಟ್ಟು ಬೋರಲು ಮಲಗಿಸಿದರೆ
ಮೂಗು ಉಜ್ಜಿ, ಜಗತ್ತಿಗೆಲ್ಲ ಬೈದು,
ಮೂರು ಎಣಿಸುವಷ್ಟು ಹೊತ್ತು ತಲೆಯೆತ್ತುವನು.
ಎಡ ಮುಷ್ಟಿ ಮಾತ್ರ ಕಟ್ಟಿದ್ದು ಕಟ್ಟಿದ ಹಾಗೇ,
ಯಾರದೋ ಗುಟ್ಟು ಹಿಡಿದುಕೊಂಡಂತೆ.

ಆಹ್ಕು, ಎಂದರೆ ಅಜ್ಜಿ,
ಅಟ್ಟದಿಂದ ಮರದ ತೊಟ್ಟಿಲು ಇಳಿಸಿದಳು.
"ನಮ್ಮನ್ನೆಲ್ಲ ಇದರೊಳಗೇ ಬಿಗಿದು ಕಟ್ಟಿದ್ದರು. ನಡೆಯಲಿಲ್ಲವೇ ನಾವು?"
ಯಾರೂ ಉತ್ತರ ಕೊಡಲಿಲ್ಲ.

ಮಂಜುಗಟ್ಟಿದ ದಾರಿಯಲ್ಲಿ ಎರಡೂವರೆ ಗಂಟೆ ಕಾರೋಡಿಸಿ
ಬಂದ ತೂರುನ್ ತೊಟ್ಟಿಲು ನೋಡಿದಳು.
ಬೈಯುತ್ತಾಳೆಂದು ರಿಸ್ತೆನ್ ಕಾಫಿಗೆ ಎದ್ದಳು.
ತೊಟ್ಟಿಲ ನೆತ್ತಿಯಲ್ಲಿ ಬೆಳ್ಳಿಯದೊಂದು ಗುಂಡು,
ಸುತ್ತ ಸಣ್ಣ ಬಳೆಗಳು.
ನೆಲದಡಿಯ ಜನ ಬಂದು
ಮಗುವನ್ನು ಅದಲುಬದಲು ಮಾಡದಿರಲೆಂದು ಕಟ್ಟಿದ್ದು.
"ಇದನ್ನು ಹತ್ತು ನಿಮಿಷ ಕೊಡುತ್ತೀರಾ?"
ಆಹ್ಕು ಮಗುವನ್ನು ನೋಡಿದಳು,
ಮುಷ್ಟಿಯನ್ನು ನೋಡಿದಳು.
ಗಂಟು ಬಿಚ್ಚಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅಂದಿನಿಂದ ಬೆಳ್ಳಿ ಅವನ ಎಡಕ್ಕೆ ತೂಗಿತು.

ಜನವರಿಯಲ್ಲಿ ಸೂರ್ಯ ಬಂದ.
ಶಾಲೆಯಲ್ಲಿ ಮಕ್ಕಳಿಗೆ ಸಿಹಿ ಬನ್ನು ಹಂಚಿದರು.
ಎಡಗೈ ಬರಲಿಲ್ಲ.
ಫೆಬ್ರವರಿಯಲ್ಲಿ ಕಣ್ಣು ಬೆಳ್ಳಿಯ ಹಿಂದೆ ಹೋಯಿತು,
ತಲೆ ಕಣ್ಣಿನ ಹಿಂದೆ. ಬಲಗೈ ಅಡ್ಡ ದಾಟಿ
ಕದಿಯಲು ನೋಡಿತು. ಎಡಗೈ ಬರಲಿಲ್ಲ.

ಮಾರ್ಚಿನ ಒಂದು ಮಂಗಳವಾರ.
ಯೋವ್ನ ಕಡಲಲ್ಲಿ. ಹತ್ತರಲ್ಲಿ ನಾಲ್ಕು ನಿಮಿಷ ಕಳೆದಿತ್ತು,
ಒಲೆ ಆರುತ್ತಿದೆಯೆಂದು ರಿಸ್ತೆನ್ ಸೌದೆಗೆ ಹೋದಳು.
ಪೊರೆಗಣ್ಣಿನ ಆಹ್ಕು ಬೆರಳಗುರುತಿನಲ್ಲೇ ಪಟ್ಟಿ ನೇಯುತ್ತಿದ್ದಳು.

ಕಿಣ್.

ಒಂದೇ ಸಲ. ಗಾಳಿಯಿರಬಹುದು.
ಒಲೆಯ ಕಬ್ಬಿಣ ಬಿರಿದದ್ದೂ ಇರಬಹುದು.
ಓಡಿ ಬಂದಾಗ ಮುಷ್ಟಿ ಮುಚ್ಚಿಯೇ ಇತ್ತು,
ಗಲ್ಲದ ಮೇಲೆ ಜೊಲ್ಲು.

"ಏನದು?"
ಆಹ್ಕು ನೇಯ್ಗೆಯಿಂದ ತಲೆಯೆತ್ತಲಿಲ್ಲ.
"ಮುಟ್ಟಿದನಂತೆ."
"ಯಾರು ಹೇಳಿದ್ದು?"
ಇನ್ನೂ ಅಲ್ಲಾಡುತ್ತಿದ್ದ ಬೆಳ್ಳಿಯ ಕಡೆಗೆ ಅಜ್ಜಿ ಗದ್ದ ತೋರಿದಳು.

ರಿಸ್ತೆನ್ ಸೌದೆಯನ್ನು ಅಲ್ಲೇ ಕೆಳಗಿಟ್ಟು
ಹಿಮದ ಬೂಟಿನಲ್ಲೇ ಅವನ ಎಡಮಗ್ಗುಲಿಗೆ ಮಲಗಿದಳು.
ಇನ್ನೂ ಆರು ನಿಮಿಷ ಬಾಕಿಯಿತ್ತು.