ಅಡ್ಡಗೆರೆ

ಚಳಿಗಾಲದಲ್ಲಿ ಟೋಕಿಯೊ ಪೇಟೆ ತೆರೆಯುವುದು
ನಮ್ಮ ಡಂಡೀ ಊರಿನ ನಡುರಾತ್ರಿ ಹನ್ನೆರಡಕ್ಕೆ, ಸರಿಯಾಗಿ.
ಶಾಲು ಹೊದ್ದು ಅಡಿಗೆಮನೆಯ ಮೇಜಿಗೆ ಕೂರುತ್ತೇನೆ.
ಪರದೆಯ ಮೇಲೆ ಕುವಾಬಾರಾ ಸ್ಪ್ರಿಂಗ್ಸ್.
ಬೆಲೆ ಇರಬೇಕಾದಲ್ಲಿ ಒಂದು ಅಡ್ಡಗೆರೆ:
ಯಾರೂ ಕೊಂಡಿಲ್ಲ, ಯಾರೂ ಮಾರಿಲ್ಲ.
ಹೋದ ವಾರ ಮೂರು ದಿನ ಹೀಗೇ ಇತ್ತು.

ದೊಡ್ಡ ಕಂಪನಿಗಳ ಹೆಸರು ಎಲ್ಲರಿಗೂ ಬಾಯಿಪಾಠ,
ಅವುಗಳ ಬಾಗಿಲಲ್ಲಿ ದಿನವೂ ಜಾತ್ರೆ.
ನನ್ನ ಪಾಲಿಗೆ ಬಂದವು ಮಿಕ್ಕವು.
ಪೋಲೆಂಡಿನಲ್ಲಿ ಬೀಗದ ನಾಲಗೆ ಮಾಡುವವರು,
ಚಿಲಿಯ ಕಡಲಂಚಿನಲ್ಲಿ ಮೀನುಬಲೆಗೆ ತೇಲುಗುಂಡು ಕಟ್ಟುವವರು,
ಓಸ್ಲೋ ಪಟ್ಟಿಯ ತಳದಲ್ಲಿ, ಹಿಮದ ಆಳ ಅಳೆಯುವ ಕೋಲಿನ
ಒಂದು ಕಂಪನಿ. ಅದರ ವಾರ್ಷಿಕ ವರದಿ ಪೂರ್ತಿ ಓದಿದವರು
ಲೋಕದಲ್ಲಿ ನಾಲ್ಕೇ ಜನ; ಒಬ್ಬಳು ನಾನು,
ಇನ್ನೊಬ್ಬ ಅದನ್ನು ಬರೆದವನು.

ನನ್ನಜ್ಜಿ ಗ್ರಿಜೆಲ್ ಇದೇ ಊರಿನ ಸೆಣಬಿನ ಗಿರಣಿಯಲ್ಲಿ
ಮಗ್ಗದ ಸದ್ದಿಗೆ ಕಿವಿ ಕೊಟ್ಟು ಬಂದವಳು.
ಗಿರಣಿಯ ಲಾಭ ಅವಳು ಹುಟ್ಟುವ ಮೊದಲೇ
ಹಡಗು ಹತ್ತಿ ಅಮೆರಿಕದ ರೈಲುಹಳಿಗೆ ಹೋಗಿತ್ತಂತೆ.
ಹಣಕ್ಕೆ ಕಾಲಿದೆ ಕಣೇ ಮೊರಾಗ್, ಕಿವಿಯಿಲ್ಲ, ಎನ್ನುತ್ತಿದ್ದಳು
ನನ್ನ ತುಟಿ ನೋಡುತ್ತಾ.

ಕುವಾಬಾರಾ ಅವರನ್ನು ಕಂಡದ್ದು ಒಮ್ಮೆ,
ನಾಗಾನೊದಾಚೆ, ಎರಡು ರೈಲು ಬದಲಿಸಿ.
ಬೂಟು ಕಳಚಿ, ಅವರು ಕೊಟ್ಟ ಹಸಿರು ಚಪ್ಪಲಿ ಮೆಟ್ಟಿ
ಕಾರ್ಖಾನೆ ಸುತ್ತಿದೆ. ಹಿಮ್ಮಡಿ ಹೊರಗೇ ಇತ್ತು.
ಸಾಸಿವೆಯಷ್ಟು ಸ್ಪ್ರಿಂಗು. ಅಂಗೈಗೆ ಸುರಿದರು, ಉಸಿರು ಬಿಡಬೇಡಿ ಎಂದರು.
ಎಲ್ಲಿಗೆ ಹೋಗುತ್ತವೆ ಇವು?
ಕಿವಿಯ ಯಂತ್ರದೊಳಕ್ಕೆ.

ವರದಿಯಲ್ಲಿ ಬರೆದದ್ದು: ಸಾಲವಿಲ್ಲ, ಲಾಭಾಂಶ ತಪ್ಪಿಲ್ಲ,
ಬೆಲೆ ಪುಸ್ತಕದ ಮೌಲ್ಯಕ್ಕಿಂತ ಕಡಿಮೆ.
ಬರೆಯದೆ ಬಿಟ್ಟದ್ದು: ಅಜ್ಜಿ.

ನೂರರಲ್ಲಿ ನಾಲ್ಕು ಪಾಲು ಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು,
ಮಕ್ಕಳು ಡಬ್ಬಿಯಿಂದ ಸಕ್ಕರೆ ಕದ್ದಂತೆ, ಮುಚ್ಚಳ ಸದ್ದಾಗದ ಹಾಗೆ.

ಈಗ ಲಂಡನ್ನಿನ ಪಿಂಚಣಿಯವರು ಹಣ ವಾಪಸು ಕೇಳಿದ್ದಾರೆ.
ತಪ್ಪು ಅವರದಲ್ಲ, ಅವರಿಗೂ ಮುಪ್ಪು ಬಂದಿದೆ.
ಆದರೆ ಇಂಥ ಮನೆಗಿರುವ ಬಾಗಿಲು ಬೆಕ್ಕಿನ ಅಳತೆಯದು;
ನುಸುಳಿ ಬಂದವಳು ಹೊಟ್ಟೆ ತುಂಬಿದ ಮೇಲೆ ಹೊರಡುವುದು ಹೇಗೆ?

ನೂರು ಷೇರು. ಗುಂಡಿ ಒತ್ತುತ್ತೇನೆ. ಕಾಯುತ್ತೇನೆ.
ಅಡ್ಡಗೆರೆ ಅಲುಗಿ ಅಂಕಿಯಾಗುತ್ತದೆ, ನಿನ್ನೆಗಿಂತ ಆರು ಯೆನ್ ಕಮ್ಮಿ.
ಮತ್ತೆ ನೂರು. ಇನ್ನೂ ನಾಲ್ಕು ಕಮ್ಮಿ.
ಹೀಗೆ ಮಾರಿದರೆ ಮುಗಿಯಲು ಎರಡು ವರ್ಷ ಬೇಕು,
ಅವರು ಕೊಟ್ಟಿರುವುದು ಈಸ್ಟರ್ ತನಕ.
ಕೊಳ್ಳುವವರು ಯಾರೋ ನನಗೆ ತಿಳಿಯದು,
ಮಾರುವವಳು ಯಾರೆಂದು ಕುವಾಬಾರಾಗೆ ತಿಳಿದೀತು:
ಅಷ್ಟು ದೂರದ ಪಾಲುದಾರಳು ಇರುವುದು ನಾನೊಬ್ಬಳೇ.
ಅಲ್ಲಿ ಬೆಳಗಿನ ಒಂಬತ್ತು. ಅವರೂ ಪರದೆಯ ಮುಂದೆ ಕೂತು
ಆರು, ನಾಲ್ಕು, ಎಂದು ಬೆರಳು ಮಡಿಸುತ್ತಿರಬಹುದು.
ಇಲ್ಲದಿದ್ದರೆ ಯಂತ್ರಕ್ಕೆ ಎಣ್ಣೆ ಬಿಡುತ್ತಿರಬಹುದು.
ನನ್ನನ್ನು ನಾನೇ ತೀರ ದೊಡ್ಡವಳೆಂದುಕೊಂಡಿದ್ದೇನೆ.

ಪಾಲುದಾರರಿಗೆ ಜೂನಿನಲ್ಲಿ ಹಂಚುವ ಅಕ್ರೋಟಿನ ಡಬ್ಬಿಯನ್ನು
ಹೊರದೇಶಕ್ಕೆ ಕಳಿಸುವುದಿಲ್ಲ, ಅದು ನಿಯಮ.
ನನಗೆ ಬರುತ್ತಿತ್ತು. ಅಂಚೆಚೀಟಿ ಕೈಯಿಂದಲೇ ಅಂಟಿಸಿದ್ದು, ಒಂದು ಸೊಟ್ಟ.
ಹೋದ ವರ್ಷದ್ದು ಕಪಾಟಿನ ಮೇಲಿದೆ,
ಒಡೆದಿಲ್ಲ.

ಒಂದೂವರೆ ಗಂಟೆ. ಲೆಕ್ಕ ಬರೆಯುತ್ತಿದ್ದ ಪೆನ್ನು ಕೈಯಲ್ಲೇ ಬಿಚ್ಚಿಕೊಂಡು
ಒಳಗಿನ ಸ್ಪ್ರಿಂಗು ಚಿಮ್ಮಿ ಒಲೆಯಡಿಗೆ ಹೋಯಿತು.
ನಮ್ಮದಲ್ಲ ಅದು. ನಾವು ಪೆನ್ನಿನ ಸ್ಪ್ರಿಂಗು ಮಾಡುವುದಿಲ್ಲ,
ಅಷ್ಟು ದೊಡ್ಡದು.
ಆದರೂ ಮೊಣಕಾಲೂರಿ, ಟಾರ್ಚು ಹಿಡಿದು, ಕೆನ್ನೆ ನೆಲಕ್ಕೆ ಒತ್ತಿ
ಹುಡುಕುತ್ತಿದ್ದೇನೆ. ಧೂಳು, ಒಂದು ಬಟಾಣಿ, ಬೆಂಕಿಕಡ್ಡಿ.
ಮೇಲೆ ಮೇಜಿನಲ್ಲಿ ಏನೋ ಟಿಣ್ ಎಂದಿತು.
ಯಾರೋ ಕೊಂಡರು.