ನಲವತ್ತಕ್ಕೊಂದು

ಕೊರಿಯರ್‌ನವನು ಕೇಳಿದ, ‘ಮಗನಿಗಾ ಮೇಡಂ?’
‘ಅಲ್ಲ, ನನಗೆ’ ಎಂದು ಸಹಿ ಹಾಕಿದೆ.
ಪೆಟ್ಟಿಗೆಯಲ್ಲಿ ರಟ್ಟಿನ ಕೊಳವೆ, ಚೂಪು ಮೂತಿ,
ಕಿತ್ತಳೆ ಬಣ್ಣದ ಪ್ಯಾರಾಚೂಟು, ಹನ್ನೊಂದು ಪುಟದ ಸೂಚನೆ:
ನಿಜವಾದ ರಾಕೆಟ್ಟಿನ ನಲವತ್ತರಲ್ಲೊಂದು ಪಾಲು.
ಆ ಲೆಕ್ಕದಲ್ಲಿ ನಾನು ಎರಡು ಬೆರಳಗಲ,
ಕಡೂರಿನ ಆಸ್ಪತ್ರೆಯ ನನ್ನ ಎಕ್ಸ್‌ರೇ ಕೋಣೆ ಒಂದು ಸೋಪಿನ ಡಬ್ಬಿ,
ಇಪ್ಪತ್ತೆರಡು ವರ್ಷದ ನೌಕರಿ ಆರೂವರೆ ತಿಂಗಳು.
ಗೋಂದಿಗೆ ಮಾತ್ರ ಆ ಲೆಕ್ಕ ಗೊತ್ತಿಲ್ಲ,
ಒಣಗಲು ಅದಕ್ಕೆ ಪೂರ್ತಿ ರಾತ್ರಿಯೇ ಬೇಕು.

ದೊಡ್ಡದಕ್ಕೆ ರೆಕ್ಕೆ ಬೇಡವಂತೆ,
ಒಳಗೆ ದಾರಿ ಬಲ್ಲ ಯಂತ್ರವಿದೆ.
ಚಿಕ್ಕದಕ್ಕೆ ಅಷ್ಟು ಬುದ್ಧಿಯಿಲ್ಲ, ರೆಕ್ಕೆ ಬೇಕು;
ಕಂಡರೆ ಪಡಿಯಚ್ಚು ಸುಳ್ಳಾಗುತ್ತದೆ.
ಅದಕ್ಕೇ ಗಾಜಿನಂಥ ಹಾಳೆಯ ನಾಲ್ಕು ರೆಕ್ಕೆ,
ಇದ್ದೂ ಇಲ್ಲದ ಹಾಗೆ.
ನನ್ನ ಪೆಟ್ಟಿಗೆಯ ಹಾಳೆ ದಾರಿಯಲ್ಲೇ ಸೀಳಿತ್ತು.

ಕಂಪ್ಯೂಟರ್ ಬಂದ ಮೇಲೆ ಬೀರುವಿನಲ್ಲಿ ಉಳಿದ ಫಿಲ್ಮುಗಳನ್ನು
ಬೆಳ್ಳಿ ತೆಗೆಯುವವನು ತೂಕಕ್ಕೆ ಒಯ್ದಿದ್ದ.
ಹೆಸರಿಲ್ಲದ ಹನ್ನೆರಡು ಹಿಂದೆ ಬಿದ್ದಿದ್ದವು.
ಬ್ಲೀಚಿಂಗ್ ನೀರಲ್ಲಿ ನೆನೆಸಿ ಹೆಬ್ಬೆರಳಲ್ಲಿ ತಿಕ್ಕಿದೆ.
ಪಕ್ಕೆಲುಬು ಕರಗಿತು, ಮಂಡಿಚಿಪ್ಪು ಕರಗಿತು,
ಯಾರದೋ ಸೊಂಟ ಬಚ್ಚಲ ತೂಬಿಗೆ ಹೋಯಿತು.
ಮೂರು ಮೂರು ಒಂದರ ಮೇಲೊಂದು ಅಂಟಿಸಿ ಕತ್ತರಿಸಿದೆ.
ನಾಲ್ಕನೆಯ ರೆಕ್ಕೆಯೊಳಗೆ ಒಂದು ಮುಂಗೈ
ಮಸುಕಾಗಿ ಹಾಗೇ ನಿಂತಿತ್ತು,
ಮುರಿದು ಕೂಡಿದ ಗುರುತಿನ ಸಮೇತ.

ದಾರ ಕಟ್ಟಿ ತಲೆಯ ಮೇಲೆ ಸುತ್ತಿಸಿದರೆ
ಬಾಲ ಮುಂದಾಗಿ ಓಡಿತು. ಮೂತಿಗೆ ತೂಕ ಸಾಲದು.
ಮೇಜಿನ ಒಳಖಾನೆಯಲ್ಲಿ ಸೀಸದ ಒಂದು ಅಕ್ಷರ,
ಫಿಲ್ಮಿನ ಮೂಲೆಯಲ್ಲಿ ಕೂತು ಇದು ಎಡ, ಇದು ಎಡ ಎಂದು
ಸಾವಿರ ಸಲ ಸಾಕ್ಷಿ ನುಡಿದದ್ದು;
ಮೂತಿಯೊಳಗಿಟ್ಟು ಮೇಣ ಹೊಯ್ದೆ.

ಬೀರೂರು ಕಾವಲು. ಕಾರ್ತಿಕ ಕಳೆದ ಭಾನುವಾರ.
ಅಂಬುಲೆನ್ಸಿನ ಸೋಮ್ಲಾನಾಯ್ಕ ರಜೆ ಹಾಕಿ ಬಂದಿದ್ದ,
ಸುತ್ತಲ ಹುಲ್ಲಿಗೆ ನಾಲ್ಕು ಕ್ಯಾನು ನೀರು ಚೆಲ್ಲಿದ.
ಸೈರನ್ ಇಲ್ಲದ ಕಡೆ ಅವನಿಗೆ ಕೊಂಚ ಗಾಬರಿ;
ಹತ್ತು, ಒಂಬತ್ತು ಎಂದು ಶುರುಮಾಡಿ ಏಳಕ್ಕೇ ಮರೆತ.
ನನ್ನ ಬಾಯಿಗೆ ಬಂದದ್ದು ದಿನಾ ಹೇಳುವುದೇ:
ಅಲ್ಲಾಡಬೇಡಿ.
ಉಸಿರು ಎಳೀರಿ.
ಹಿಡೀರಿ.

ಗುಂಡಿ ಒತ್ತಿದೆ.
ಸೊಂಯ್ ಎಂದದ್ದು ಕೇಳುವಾಗಲೇ ಅದು ಅಲ್ಲಿರಲಿಲ್ಲ.
ಹುಲ್ಲಿನ ನೆಲಗುಬ್ಬಿಗಳೆಲ್ಲ ಒಟ್ಟಿಗೆ ಎದ್ದವು.
ಉದ್ದ ಕೊಂಬಿನ ದನಗಳು ಒಂದು ಸಲ ತಲೆಯೆತ್ತಿ
ಮತ್ತೆ ಮೇಯತೊಡಗಿದವು.
ಮೇಲೆ ಬಿಳಿ ಗೀರು. ಗೀರಿನ ತುದಿಯಲ್ಲಿ ಏನೂ ಇಲ್ಲ.
ಎರಡು ಎಣಿಸಿದೆ, ಮೂರು, ನಾಲ್ಕು,
ನಾನೇ ಹಿಡಿದ ಉಸಿರು, ಬಿಡಿ ಅನ್ನುವವರಿಲ್ಲದೆ
ಎದೆಯಲ್ಲೇ ನಿಂತಿತ್ತು.
ಆಮೇಲೆ ಒಂದು ಸಣ್ಣ ಠಪ್.
ಕಿತ್ತಳೆ ಚುಕ್ಕೆ ಅರಳಿ, ಓಲಾಡಿ,
ಗಾಳಿ ಹೇಳಿದಂತೆ ರೈಲುಕಂಬಿಯ ಕಡೆಗೆ ನಡೆಯಿತು.

ಮುಕ್ಕಾಲು ಗಂಟೆ ಹುಡುಕಿದೆವು.
ಸಿಕ್ಕಿದ್ದು ದನ ಕಾಯುವ ಬೀರಲಿಂಗನಿಗೆ.
ಒಂದು ರೆಕ್ಕೆ ಕಿತ್ತು ಬಂದಿತ್ತು. ಅದೇ.
ಅವನದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ,
ಹಿಡಿದ ಕೈ ಮಣಿಕಟ್ಟಿನಲ್ಲಿ ಕೊಂಚ ಸೊಟ್ಟ.
‘ಇದು ನಂದೇ ಇರ್ಬೇಕು ಕಣವ್ವ,
ಹೋರಿ ಕೆಡವಿದ ವರ್ಷ ನಿಮ್ಮಲ್ಲೇ ತೆಗೆಸಿದ್ದೆ.’
ಎಡವೋ ಬಲವೋ ಹೇಳಬೇಕಾದ ಅಕ್ಷರ
ಮೂತಿಯ ಮೇಣದೊಳಗಿತ್ತು. ನಾನು ಅಲ್ಲ ಅನ್ನಲಿಲ್ಲ.
‘ಎಷ್ಟೆತ್ತರ ಹೋಗಿತ್ತು?’
ಸೋಮ್ಲಾ ಯೋಚಿಸಿ, ‘ಇಪ್ಪತ್ತು ತೆಂಗಿನಮರ’ ಎಂದ.
ಬೀರಲಿಂಗ ಮೇಲೆ ನೋಡಿದ, ಕೈ ನೋಡಿಕೊಂಡ,
‘ಅಷ್ಟರಿಂದ ಬಿದ್ರೂ ನೋವೇ ಆಗ್ಲಿಲ್ವಲ್ಲ!’

ರೆಕ್ಕೆಯನ್ನು ಟವೆಲಿನ ಮಡಿಕೆಗೆ ಸಿಕ್ಕಿಸಿಕೊಂಡು
ಹೋ ಹೋ ಎನ್ನುತ್ತ ದನ ತಿರುಗಿಸಲು ಹೋದ.
ಇನ್ನೊಂದು ರೆಕ್ಕೆ ಮಾಡೋಣವೆಂದರೆ
ಬೀರುವಿನಲ್ಲಿ ಫಿಲ್ಮು ಉಳಿದಿಲ್ಲ.